ಜಾಣ ಕಿವುಡು

ಎರಡೂ ಕಂಪನಿಗಳಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಅಕ್ಕ ಎಂದೇ. ಗೇಟಿನ ಕಾವಲುಗಾರನಿಂದ ಹಿಡಿದು ಲೆಕ್ಕಪತ್ರ ವಿಭಾಗದ ಹಿರಿಯರ ತನಕ ಎಲ್ಲರಿಗೂ ಅವಳು ಅಕ್ಕ. ಒಡಹುಟ್ಟಿದ ಅಕ್ಕನಾಗಿದ್ದದ್ದು ಮಾತ್ರ ಒಬ್ಬನಿಗೆ, ಅವೆರಡರಲ್ಲಿ ದೊಡ್ಡ ಕಂಪನಿಯ ಮುಖ್ಯಸ್ಥನಿಗೆ. ಪತ್ರಿಕೆಯವರು ಅವನ ಹೆಸರಿನ ಹಿಂದೆ ಮುಂದೆ ಏನೇನೋ ಬಿರುದು ಸೇರಿಸಿ ಬರೆಯುತ್ತಿದ್ದರು. ಅವಳ ಬಾಯಲ್ಲಿ ಮಾತ್ರ ಅವನು ಪುಟ್ಟನಾಗಿಯೇ ಉಳಿದಿದ್ದ. ಹೂಡಿಕೆದಾರರು ಸಾಲಾಗಿ ಕೂತಿದ್ದ ಸಭೆಯ ಬಾಗಿಲು ತಳ್ಳಿ, "ಪುಟ್ಟಾ, ಊಟ ಮಾಡಿದ್ಯೇನೋ?" ಎಂದು ಕೇಳುವ ಧೈರ್ಯ ಅವಳೊಬ್ಬಳಿಗೇ ಇತ್ತು.

ಇನ್ನೊಂದು ಕಂಪನಿಯ ಮುಖ್ಯಸ್ಥ ತಂತಿ. ಓದುವ ಕಾಲದಿಂದಲೂ ಪುಟ್ಟನ ಜೊತೆಗಾರ. ಆಳೂ ತಂತಿಯಂತೆ ಸಣ್ಣಗಿದ್ದ, ಜೇಬಿನಲ್ಲೂ ಸದಾ ಒಂದು ತುಂಡು ತಂತಿ ಇಟ್ಟುಕೊಂಡಿರುತ್ತಿದ್ದ. ಹಾಗಾಗಿ ಹೆಸರು ಅಂಟಿಕೊಂಡಿತು.

ಏಳನೇ ವಯಸ್ಸಿನಲ್ಲಿ ಬಂದ ಒಂದು ಜ್ವರ ಅಕ್ಕನ ಕಿವಿಗಳನ್ನು ತಿಂದುಕೊಂಡು ಹೋಗಿತ್ತು. ಅಪ್ಪನದು ಗಡಿಯಾರ ರಿಪೇರಿಯ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಪ್ಪನ ಸಣ್ಣ ಇಕ್ಕಳ, ಭೂತಗನ್ನಡಿಗಳನ್ನೇ ಬಳಸಿ ಈ ಇಬ್ಬರು ಹುಡುಗರು ಅವಳಿಗೊಂದು ಕಿವಿ ಮಷಿನ್ನು ಮಾಡಲು ಹೊರಟರು. ಆಗ ಸಿಗುತ್ತಿದ್ದ ಮಷಿನ್ನುಗಳು ಎಲ್ಲ ಸದ್ದನ್ನೂ ಒಂದೇ ಸಮ ಹಿಗ್ಗಿಸಿ ತಲೆಯೊಳಗೆ ಸುರಿಯುತ್ತಿದ್ದವು. ತಟ್ಟೆ ಬಿದ್ದರೆ ಗುಡುಗು, ಮನುಷ್ಯರು ಮಾತಾಡಿದರೆ ಗೊಜಗೊಜ. ಸದ್ದನ್ನು ಸೋಸಿ ಮಾತನ್ನಷ್ಟೇ ಎತ್ತಿಕೊಡುವ ಲೆಕ್ಕಾಚಾರ ಪುಟ್ಟನದು. ಅದನ್ನು ಕಿವಿಯ ಹಿಂದೆ ಕೂರುವಷ್ಟು ಚಿಕ್ಕದಾಗಿ ಕಟ್ಟಿ, ಕೇಳಿ ಕೇಳಿ ಹದ ಮಾಡುವ ಕೈ ಮತ್ತು ಕಿವಿ ತಂತಿಯದು. ಒಂದು ಮಧ್ಯಾಹ್ನ ಅವಳಿಗೆ ಬೀದಿಯ ಸದ್ದು ಹಿಂದಕ್ಕೆ ಸರಿದು ತಮ್ಮನ ದನಿ ಮುಂದಕ್ಕೆ ಬಂತು. ಮದುವೆಯ ವಯಸ್ಸಿಗೆ ಬಂದಿದ್ದ ಹೆಣ್ಣು, ತಮ್ಮನ ದನಿ ಒಡೆದು ಗಂಡಸಿನ ದನಿ ಆಗಿದೆ ಎಂಬುದನ್ನು ಅವತ್ತೇ ತಿಳಿದದ್ದು. ನಕ್ಕು ನಕ್ಕು ಅತ್ತುಬಿಟ್ಟಳು.

ಅಲ್ಲಿಂದ ಕಂಪನಿ ಆಯಿತು. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಒಂದು ಕೋಣೆ ಕಟ್ಟಿಸಿದರು. ಎಲ್ಲರೂ ಅದನ್ನು ಹತ್ತಿ ಕೋಣೆ ಅನ್ನುತ್ತಿದ್ದರು. ಹೊಸ ಮಷಿನ್ನು ಯಾವುದೇ ಬರಲಿ, ಮೊದಲು ಹತ್ತಿ ಕೋಣೆಯಲ್ಲಿ ಅಕ್ಕನ ಕಿವಿಗೆ ಏರಬೇಕು, ಅವಳು ತಲೆ ಆಡಿಸಿದ ಮೇಲೇ ಮುಂದಿನ ಮಾತು. ಅವಳ ಮದುವೆ ಆಗಲಿಲ್ಲ. ಕೇಳಿದವರಿಗೆ, "ನನಗೆ ಇಬ್ಬರು ಗಂಡುಮಕ್ಕಳಿದ್ದಾರಲ್ಲ, ಸಾಕಾಗಿದೆ," ಎಂದು ನಗುತ್ತಿದ್ದಳು.

ಆ ಇಬ್ಬರು ಕಿತ್ತಾಡಿಕೊಂಡದ್ದು ಯಾವ ಹೆಣ್ಣಿಗಾಗಿಯೂ ಅಲ್ಲ, ಹಣಕ್ಕಾಗಿಯೂ ಅಲ್ಲ. ತಾವು ಮಾಡಿದ ಮಷಿನ್ನು ಎಲ್ಲರ ಫೋನಿಗೂ ಹೊಂದಬೇಕು, ಯಾವ ಕಿವಿ ಡಾಕ್ಟರು ಬೇಕಾದರೂ ಅದನ್ನು ಬಿಚ್ಚಿ ಹದ ಮಾಡುವಂತಿರಬೇಕು ಅನ್ನುವುದು ತಂತಿಯ ಹಟ. ಬಾಗಿಲು ಹಾಗೆ ತೆರೆದಿಟ್ಟರೆ ದೊಡ್ಡವರು ನುಗ್ಗಿ ನಾಳೆಯೇ ನಮ್ಮನ್ನು ನುಂಗುತ್ತಾರೆ, ನಂಬಿಕೊಂಡ ಇಷ್ಟು ಜನರ ಗತಿ ಏನು ಅನ್ನುವುದು ಪುಟ್ಟನ ವಾದ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ ಪುಟ್ಟನಿಗೆ ತನ್ನ ಮಾತೇ ಕೊನೆಯದಾಗಬೇಕು. ತಂತಿಗೆ ಎದುರು ಮಾತಾಡಿದರೆ ಮೂಗಿನ ತುದಿಯಲ್ಲಿ ಕೋಪ. ಒಂದು ದಿನ ತಂತಿ ಒಳ್ಳೊಳ್ಳೆಯ ಎಂಜಿನಿಯರುಗಳನ್ನು ಕಟ್ಟಿಕೊಂಡು ಎದ್ದು ಹೋಗಿ, ರೈಲು ಹಳಿಯ ಆಚೆ ಬೇರೆ ಕಂಪನಿಯನ್ನೇ ತೆರೆದ.

ಮುಂದಿನ ವರ್ಷಗಳಲ್ಲಿ ಅವರ ಪೈಪೋಟಿ ನೋಡುವವರಿಗೆ ತಮಾಷೆ. ಒಬ್ಬ ನೀರು ತಾಗಿದರೂ ಕೆಡದ ಮಷಿನ್ನು ತಂದರೆ, ಇನ್ನೊಬ್ಬ ಕೊಳದಲ್ಲಿ ಈಜುವವಳ ಕಿವಿಗೇ ಹಾಕಿ ಜಾಹೀರಾತು ಮಾಡಿಸಿದ. ಒಬ್ಬರ ಜನರನ್ನು ಇನ್ನೊಬ್ಬರು ಸೆಳೆದರು. ಪ್ರದರ್ಶನಗಳಲ್ಲಿ ಇಬ್ಬರ ಮಳಿಗೆ ಎದುರುಬದುರು ಬಿದ್ದರೆ ದಿನವಿಡೀ ಬೆನ್ನು ತಿರುಗಿಸಿ ನಿಂತರು. ನಡುವಿನ ಓಣಿಯಲ್ಲಿ ಓಡಾಡುತ್ತಿದ್ದವಳು ಅಕ್ಕ ಒಬ್ಬಳೇ. "ಹೋಗಿ ಹೇಳು ನಿನ್ನ ತಮ್ಮನಿಗೆ, ಅವನ ಹೊಸ ಮಷಿನ್ನು ಮಳೆಗಾಲದ ಕಪ್ಪೆ ತರ ವಟಗುಟ್ಟುತ್ತೆ ಅಂತ," ಎಂದು ತಂತಿ ಅನ್ನುವನು. ಅವಳು ಈಚೆಗೆ ಬಂದು, "ನಿನ್ನ ಮಷಿನ್ನು ಪರವಾಗಿಲ್ವಂತೆ," ಅನ್ನುವಳು.

ಅಷ್ಟರಲ್ಲಿ ಫೋನು ಮಾರುವ ಒಂದು ದೈತ್ಯ ಕಂಪನಿ ಹಾಡು ಕೇಳುವ ತನ್ನ ಇಯರ್‌ಫೋನಿನಲ್ಲೇ ಕಿವಿ ಮಷಿನ್ನಿನ ಕೆಲಸವನ್ನೂ ಸೇರಿಸಿಬಿಟ್ಟಿತು. ಮಾಲು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿತ್ತು. ಹಾಕಿಕೊಂಡವರನ್ನು ಯಾರೂ ಕಿವುಡರು ಅನ್ನುತ್ತಿರಲಿಲ್ಲ. ಎರಡೇ ವರ್ಷಗಳಲ್ಲಿ ಪುಟ್ಟನ ಗೋದಾಮು ಮಾರಾಟವಾಗದ ಮಾಲಿನಿಂದ ತುಂಬಿತು, ತಂತಿಯ ಕಾರ್ಖಾನೆಯ ಒಂದು ಪಾಳಿ ನಿಂತಿತು.

ಒಂದು ಭಾನುವಾರ ಅಕ್ಕ ಇಬ್ಬರಿಗೂ ಬೇರೆ ಬೇರೆಯಾಗಿ, "ನನಗೆ ಮೈ ಸರಿ ಇಲ್ಲ, ಬಾ," ಎಂದು ಹೇಳಿಕಳಿಸಿದಳು. ಇಬ್ಬರೂ ಎದ್ದೆನೋ ಬಿದ್ದೆನೋ ಎಂದು ಬಂದು ಬಾಗಿಲಲ್ಲೇ ಮುಖಾಮುಖಿಯಾದರು. ಒಳಗೆ ಅವಳು ಗುಂಡುಕಲ್ಲಿನ ಹಾಗೆ ಮೂವರಿಗೆ ಎಲೆ ಹಾಕಿ ಕೂತಿದ್ದಳು.

"ಇದೇನೇ ಅಕ್ಕಾ, ಕಳ್ಳಾಟ," ಎಂದ ಪುಟ್ಟ.

"ಹಸಿವಾದವರು ಕೂತ್ಕೊಳ್ಳಿ. ಜಗಳ ಆಡೋರು ಬೀದಿಗೆ ಹೋಗಿ."

ಇಬ್ಬರೂ ಕೂತರು. ಮೊದಲ ತುತ್ತಿನ ತನಕ ಬಿಗುಮಾನ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಇಬ್ಬರೂ ಒಟ್ಟಿಗೇ ಹೇಳಿ, ಒಟ್ಟಿಗೇ ನಕ್ಕರು. ಕೈ ಒಣಗುವ ತನಕ ಕೂತು ಮಾತಾಡಿದರು. ಎರಡೂ ಕಂಪನಿಗಳು ಕೂಡಿ ಒಂದೇ ಮಷಿನ್ನು ಮಾಡುವುದು. ಪುಟ್ಟನ ಲೆಕ್ಕಾಚಾರ, ತಂತಿಯ ಕೈಕೆಲಸ. ತಂತಿಯ ಇಷ್ಟದಂತೆ ಅದು ಎಲ್ಲ ಫೋನಿಗೂ ಹೊಂದುತ್ತದೆ, ಪುಟ್ಟನ ಇಷ್ಟದಂತೆ ಒಳಗಿನ ತಿರುಳಿಗೆ ಬೀಗ ಇರುತ್ತದೆ. ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ ಅಕ್ಕ ಮೂರು ಎಲೆಗಳನ್ನೂ ಒಟ್ಟಿಗೇ ಮಡಿಸಿ ಎತ್ತಿದಳು.

ಕೆಲಸ ಶುರುವಾಯಿತು. ತಂತಿ ಹಳೆಯ ಹತ್ತಿ ಕೋಣೆಗೆ ಮತ್ತೆ ಬರತೊಡಗಿದ. ಅಲ್ಲೇ ಅಕ್ಕನಿಗೆ ಮೊದಲ ಅನುಮಾನ ಹುಟ್ಟಿದ್ದು. ಮಾತಾಡುವವರ ಕಡೆಗೆ ಅವನು ಎಡಗಿವಿ ವಾಲಿಸುತ್ತಿದ್ದ. ಹೆಂಗಸರು ಮಾತಾಡಿದರೆ ತುಟಿ ನೋಡುತ್ತಿದ್ದ. ಪ್ರಶ್ನೆ ಅರ್ಥವಾಗದಿದ್ದಾಗ ನಕ್ಕು, "ನೋಡೋಣ, ನೋಡೋಣ," ಅನ್ನುತ್ತಿದ್ದ. ಆ ನಗು ಅವಳಿಗೆ ಗುರುತಿನದು. ಜೀವಮಾನದ ಅರ್ಧ ಅವಳೂ ಅದೇ ನಗೆ ನಕ್ಕವಳು.

ಇಬ್ಬರೇ ಇದ್ದಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ, "ಚಹಾ ಕುಡೀತೀಯಾ?" ಎಂದಳು. ಅವನು, "ಹೂಂ, ನೋಡೋಣ," ಎಂದ.

ಅವಳು ಕೈ ತೆಗೆದಳು. "ಯಾವಾಗಿನಿಂದಲೋ ಇದು?"

ತಂತಿಯ ಮುಖ ಬಿಳಚಿಕೊಂಡಿತು. ಎದ್ದು ಹತ್ತಿ ಕೋಣೆಯ ಬಾಗಿಲು ಎಳೆದು ಬಂದ. "ಎರಡು ಮೂರು ವರ್ಷ ಆಯ್ತು ಅಕ್ಕಾ. ಬಲಗಿವಿ ಹೆಚ್ಚು ಕಮ್ಮಿ ಹೋಗಿದೆ. ಹೆಂಗಸರ ದನಿಯಂಥ ಎತ್ತರದ ಸದ್ದುಗಳು ಎರಡರಲ್ಲೂ ಇಲ್ಲ."

"ಮನೆ ತುಂಬ ಮಷಿನ್ನು ಇಟ್ಕೊಂಡು? ಒಂದು ಹಾಕ್ಕೊಳ್ಳೋಕೆ ಏನೋ ರೋಗ?"

"ನನ್ನ ಕಿವೀನೇ ನನ್ನ ಕಂಪನಿ ಕಣೇ ಅಕ್ಕಾ. ತಂತಿ ಕೇಳಿ ಸರಿ ಅಂದ್ರೆ ಸರಿ ಅಂತ ಜನ ತಗೊಳ್ತಾರೆ. ಅವನಿಗೇ ಕೇಳಿಸಲ್ಲ ಅಂತ ಗೊತ್ತಾದ್ರೆ?" ಅವಳ ಕೈ ಹಿಡಿದುಕೊಂಡ. "ಪುಟ್ಟನಿಗಂತೂ ಹೇಳ್ಬೇಡ. ಅವನ ಬೋರ್ಡಿನವರಿಗೆ ತಿಳಿದ್ರೆ ನನ್ನ ಪಾಲು ಅರ್ಧ ಮಾಡ್ತಾರೆ. ಈ ಮಷಿನ್ನು ಹೊರಗೆ ಬರಲಿ, ಆಮೇಲೆ ನಾನೇ ಹೇಳ್ತೀನಿ. ಭಾಷೆ ಕೊಡು."

ಅಕ್ಕ ಭಾಷೆ ಕೊಟ್ಟಳು. ಬೇರೆಯವರ ಮುಂದೆ ಕಿವುಡರೆಂದು ತೋರಿಸಿಕೊಳ್ಳುವ ಸಂಕಟ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಒಂದೇ ಮೇಜಿನ ಮುಂದೆ ದಿನವೂ ಕೂರುವವರ ನಡುವೆ ಇಂಥದ್ದು ಹಾನಿ ಮಾಡದೆ ಬಿಡುವುದಿಲ್ಲ. ಪುಟ್ಟ ಹೇಳಿದ್ದಕ್ಕೆ ತಂತಿ ಒಮ್ಮೊಮ್ಮೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಒಪ್ಪಿದ್ದನ್ನು ಮಾರನೆಯ ದಿನ ಹೊಸದಾಗಿ ಕೇಳಿದವನಂತೆ ಹುಬ್ಬೇರಿಸುತ್ತಿದ್ದ. "ಅವನದು ಜಾಣ ಕಿವುಡು ಅಕ್ಕಾ," ಎಂದು ಪುಟ್ಟ ಗೊಣಗಿದ. "ಬೇಕಾದ್ದು ಕೇಳಿಸುತ್ತೆ, ಬೇಡದ್ದು ಕೇಳಿಸಲ್ಲ. ಮೊದಲಿಂದಲೂ ಹೀಗೇ."

ಅಕ್ಕನಿಗೆ ಕೊಟ್ಟ ಭಾಷೆ ನೆನಪಾಯಿತು. ಮೇಜಿನ ಮೇಲಿನ ಖಾಲಿ ಲೋಟಗಳನ್ನು ಎತ್ತಿಕೊಂಡು ಎದ್ದಳು.

ಮಷಿನ್ನು ಮುಕ್ಕಾಲು ಪಾಲು ಮುಗಿದಿತ್ತು. ಆಗ ಅದೇ ದೈತ್ಯ ಕಂಪನಿಯವರು ಪುಟ್ಟನ ಬಳಿ ಬಂದರು. ನಿನ್ನ ಕಂಪನಿಯನ್ನು ನಮಗೆ ಕೊಡು, ನಿನ್ನ ಜನರೆಲ್ಲ ನಮ್ಮಲ್ಲಿ ಇರುತ್ತಾರೆ, ಇಲ್ಲವಾದರೆ ನಮ್ಮ ದಾರಿ ನಮಗೆ ಅಂದರು. ಅವಧಿ ಶುಕ್ರವಾರದ ತನಕ, ಆ ವರ್ಷದ ಪ್ರದರ್ಶನ ಬಿದ್ದಿದ್ದ ದಿನವೇ. ಪುಟ್ಟನ ಬೋರ್ಡಿನವರು ತುದಿಗಾಲಲ್ಲಿ ನಿಂತಿದ್ದರು. ಗೆಳೆಯನನ್ನು ಬಿಟ್ಟು ಬರುವುದಿಲ್ಲ ಎಂದು ಪುಟ್ಟ ಪಟ್ಟು ಹಿಡಿದ. ಕೊನೆಗೆ ಅವರು, ಆಯಿತು, ಅವನೂ ಬರಲಿ, ಅವನ ಬಾಯಿಂದ ಹೂಂ ಅನ್ನಿಸು ಎಂದರು. ವಿಷಯ ಕಾಗದದ ಮೇಲೆ ಬರಕೂಡದು ಎಂಬ ಕಟ್ಟುಪಾಡು ಬೇರೆ. ಅದಕ್ಕೇ ಪುಟ್ಟ ಫೋನು ಮಾಡಿದ. ಅಕ್ಕ ಅವನ ಎದುರಿಗೇ ಕೂತಿದ್ದಳು.

"ಶುಕ್ರವಾರವೇ ಕೊನೆ ಕಣೋ," ಎಂದ ಪುಟ್ಟ, ವಿಷಯವೆಲ್ಲ ಹೇಳಿ ಮುಗಿಸಿ. "ನೀನಿಲ್ಲದೆ ಹೋಗಲ್ಲ ಅಂತ ಹೇಳಿದೀನಿ. ಇಬ್ಬರೂ ಹೋಗೋಣ. ಬರ್ತೀಯಾ?"

ಆ ಕಡೆಯ ಮಾತು ಅಕ್ಕನಿಗೆ ಕೇಳಿಸಲಿಲ್ಲ. ಪುಟ್ಟನ ಮುಖದಿಂದ ಬಣ್ಣ ಇಳಿದದ್ದು ಮಾತ್ರ ಕಂಡಿತು. ಅವನು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಬರಲ್ವಂತೆ. 'ನನಗೆ ಆಗಲ್ಲ, ನೀನೇ ಹೋಗಿ ಮುಗಿಸ್ಕೊಂಡು ಬಾ' ಅಂದ."

"ಅವನಿಗೆ ಸರಿಯಾಗಿ ಕೇಳಿಸ್ತೇನೋ?"

"ಕೇಳಿಸದೆ ಏನು? ಉತ್ತರ ಕೊಟ್ಟನಲ್ಲ!"

"ಇನ್ನೊಂದು ಸಲ ಕೇಳು. ಹೋಗಿ ಮುಖ ನೋಡಿ ಕೇಳು."

"ಎಷ್ಟು ಸಲ ಅಕ್ಕಾ ಅವನ ಕಾಲು ಹಿಡೀಲಿ ನಾನು?" ಪುಟ್ಟ ಎದ್ದು ಕಿಟಕಿಯ ಬಳಿ ಹೋಗಿ ನಿಂತ.

ಆಗ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. 'ಅವನಿಗೆ ಕಿವಿ ಕೇಳಿಸಲ್ಲ ಕಣೋ.' ಇಷ್ಟೇ. ಅಕ್ಕ ಹೇಳಲಿಲ್ಲ. ಕೊಟ್ಟ ಭಾಷೆ ಅಡ್ಡ ಬಂತು. ತಾನೇ ಹೋಗಿ ತಂತಿಯನ್ನು ಕೇಳಿದರಾಯಿತು ಅಂದುಕೊಂಡಳು. ಹೋದಾಗ ಅವನು ಬಿಡಿಭಾಗಗಳಿಗೆಂದು ಬೇರೆ ಊರಿಗೆ ಹೊರಟುಹೋಗಿದ್ದ. ಬಂದ ಮೇಲೆ ಕೇಳಿದರಾಯಿತು ಅಂದುಕೊಂಡಳು. ಅಷ್ಟರಲ್ಲಿ ಶುಕ್ರವಾರ ಕಳೆಯಿತು.

ತಂತಿಗೆ ವಿಷಯ ತಿಳಿದದ್ದು ಯಾವುದೋ ನಿಲ್ದಾಣದ ಟೀವಿಯಲ್ಲಿ. ಪರದೆಯ ಮೇಲೆ ಪುಟ್ಟ ಆ ದೈತ್ಯ ಕಂಪನಿಯವರ ಕೈ ಕುಲುಕುತ್ತಿದ್ದ. ಮಾತು ಕೇಳದಿದ್ದರೂ ಕೆಳಗೆ ಓಡುವ ಅಕ್ಷರ ಓದಲು ಬರುತ್ತಿತ್ತಲ್ಲ. ಕೂಡಿ ಮಾಡುತ್ತಿದ್ದ ಮಷಿನ್ನು ಅಲ್ಲಿಗೇ ನಿಂತಿತು. ಕೊಂಡುಕೊಂಡವರಿಗೆ ಅದು ಬೇಕಿರಲಿಲ್ಲ, ಬೀರುವಿನೊಳಗೆ ಇಟ್ಟು ಬೀಗ ಹಾಕಿದರು. ಅದನ್ನೇ ನೆಚ್ಚಿಕೊಂಡಿದ್ದ ತಂತಿಯ ಕಂಪನಿ ಹೆಚ್ಚು ದಿನ ಉಸಿರಾಡಲಿಲ್ಲ. ಕಾರ್ಖಾನೆಯ ಹೆಂಗಸರು ತಮ್ಮ ತಮ್ಮ ಕುರ್ಚಿಯ ದಿಂಬುಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋಗುವುದನ್ನು ಅಕ್ಕ ಗೇಟಿನ ಪಕ್ಕ ನಿಂತು ನೋಡಿದಳು. ಯಾರೂ ಅವಳನ್ನು ಅಕ್ಕ ಎಂದು ಕರೆಯಲಿಲ್ಲ.

ತಂತಿ ಅವಳಿಗೆ ಬಾಗಿಲು ತೆಗೆಯಲಿಲ್ಲ. ಹೆಂಡತಿಯ ಕೈಲಿ ಹೇಳಿ ಕಳಿಸಿದ. "ನಿಮ್ಮ ತಮ್ಮನ ಹೆಸರು ಎತ್ತಬೇಡಿ ಅಂತಾರೆ ಅಕ್ಕಾ. ನಿಮ್ಮ ಮೇಲೆ ಕೋಪ ಇಲ್ವಂತೆ. ಆದ್ರೆ ನಿಮ್ಮ ಮುಖ ನೋಡಿದ್ರೆ ಅವರ ಮುಖ ಕಾಣುತ್ತಂತೆ." ಹೇಳುತ್ತಾ ಅವಳೇ ಕಣ್ಣೊರೆಸಿಕೊಂಡಳು.

ಅಕ್ಕ ಕೆಲಸ ಬಿಟ್ಟಳು. ಪುಟ್ಟ ಹೊಸ ಒಡೆಯರ ಗಾಜಿನ ಕಟ್ಟಡಕ್ಕೆ ಹೋದ. ಆಗೊಮ್ಮೆ ಈಗೊಮ್ಮೆ ಅಕ್ಕನ ಮನೆಗೆ ಬಂದು, ಬೇಡ ಅನ್ನಿಸುವಷ್ಟು ಹಣ್ಣು ತಂದಿಟ್ಟು, ತಂತಿಯ ಮಾತು ಬಂದ ಕೂಡಲೇ ಎದ್ದು ಹೋಗುತ್ತಿದ್ದ. "ಕರೆದೆ, ಬರಲಿಲ್ಲ. ನಾನೇನು ಮಾಡಲಿ?"

ವರ್ಷದ ಕೊನೆಯಲ್ಲಿ ತಂತಿಯ ಹೆಂಡತಿಯೇ ಅಕ್ಕನ ಮನೆ ಹುಡುಕಿಕೊಂಡು ಬಂದಳು. ಶಾಲೆಯಲ್ಲಿ ಪಾಠ ಹೇಳುವ ಗಟ್ಟಿ ಹೆಂಗಸು. ಅವತ್ತು ಮಾತ್ರ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. "ಎರಡೂ ಕಿವಿ ಪೂರ್ತಿ ಹೋಯ್ತು ಅಕ್ಕಾ. ನರವೇ ಸೋತಿದೆ ಅಂದ್ರು ಡಾಕ್ಟರು. ಮಷಿನ್ನು ಹಾಕಿದ್ರೆ ಸದ್ದು ದೊಡ್ಡದಾಗುತ್ತಂತೆ, ಮಾತು ಆಗಲ್ವಂತೆ. ಆಪರೇಷನ್ ಮಾತಿಗೆ ಒಪ್ತಾ ಇಲ್ಲ. ಮೂಲೆ ಹಿಡಿದು ಕೂತಿದ್ದಾರೆ. ನೀವಾದ್ರೂ ಬನ್ನಿ."

ಅಕ್ಕ ನೇರ ಪುಟ್ಟನ ಗಾಜಿನ ಕಟ್ಟಡಕ್ಕೆ ಹೋದಳು. ಕೊಟ್ಟ ಭಾಷೆಗೆ ಇನ್ನು ಅರ್ಥವೇನಿತ್ತು? ಎಲ್ಲ ಹೇಳಿದಳು. ಎಡಗಿವಿ ವಾಲಿಸಿದ್ದು, ಚಹಾ ಕೇಳಿದ್ದು, ಭಾಷೆ ತೆಗೆದುಕೊಂಡದ್ದು.

ಪುಟ್ಟ ಮೊದಲು ಅವಳ ಮೇಲೆ ಕೂಗಾಡಿದ. "ನೀನು ಎದುರಿಗೇ ಕೂತಿದ್ದೆ! ಆ ದಿನ ಎದುರಿಗೇ ಕೂತಿದ್ದೆಯಲ್ಲೇ ಅಕ್ಕಾ!" ಗಾಜಿನ ಆಚೆಯ ಜನ ತಿರುಗಿ ನೋಡಿದರು. ಅಕ್ಕ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಕೂಗಿ ಮುಗಿದ ಮೇಲೆ ಅವನು ಕೋಟು ಎತ್ತಿಕೊಂಡು, "ನಡಿ," ಎಂದ.

ತಂತಿ ಮುಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಗಡ್ಡ ಬೆಳೆದಿತ್ತು. ಬಂದವರು ಯಾರೆಂದು ಹೆಂಡತಿ ಭುಜ ಮುಟ್ಟಿ ತೋರಿಸಿದಾಗ ಎದ್ದು ಹೋಗಲು ನೋಡಿದ. ಪುಟ್ಟ ದಾರಿಗೆ ಅಡ್ಡ ನಿಂತು ಮಾತಾಡತೊಡಗಿದ. ತಂತಿಯ ಮುಖ ಕಲ್ಲಿನ ಹಾಗೆ ಇದ್ದುದರಿಂದ ದನಿ ಏರಿಸಿದ, ಇನ್ನೂ ಏರಿಸಿದ. ಕೊನೆಗೆ ಬೀದಿಯವರೆಲ್ಲ ಕೇಳುವ ಹಾಗೆ, "ನಿನ್ನ ಕರೆದಿದ್ದೆ ಕಣೋ! ಕರೆದಿದ್ದೆ!" ಎಂದು ಅರಚಿದ. ಆ ಮನೆಯಲ್ಲಿ ಅದು ಕೇಳಿಸದೆ ಹೋದದ್ದು ಒಬ್ಬನಿಗೇ.

ತಂತಿಯ ಹೆಂಡತಿ ಮಕ್ಕಳಿಗೆ ಪಾಠ ಹೇಳುವ ಸಣ್ಣ ಬಿಳಿ ಹಲಗೆ ತಂದು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅವತ್ತಿನ ಫೋನಿನ ಮಾತನ್ನು ಒಂದಕ್ಷರ ಬಿಡದೆ ಬರೆದು ಹಿಡಿದಳು.

ತಂತಿ ಓದಿದ. ಮತ್ತೆ ಓದಿದ. ಅವನ ದನಿ ತನಗೇ ಕೇಳದ್ದರಿಂದ ಎತ್ತರ ತಗ್ಗು ತಪ್ಪಿ ಬಂತು. "ನಾನು ಕಾರ್ಖಾನೇಲಿ, ಪ್ಲಾಸ್ಟಿಕ್ ಅಚ್ಚು ಹಾಕೋ ಯಂತ್ರದ ಗದ್ದಲದ ಪಕ್ಕ ನಿಂತಿದ್ದೆ. 'ಶುಕ್ರವಾರ, ಇಬ್ಬರೂ ಹೋಗೋಣ' ಅಷ್ಟೇ ಕೇಳಿಸಿದ್ದು. ಆ ಶುಕ್ರವಾರ ಪ್ರದರ್ಶನ ಇತ್ತಲ್ಲ. ಅದಕ್ಕೆ ಕರೀತಿದಾನೆ ಅಂದ್ಕೊಂಡೆ. ನೀನೇ ಹೋಗಿ ಮುಗಿಸ್ಕೊಂಡು ಬಾ ಅಂದೆ."

ಪುಟ್ಟ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತ.

"ಎರಡನೇ ಸಲ ಕೇಳಬಹುದಿತ್ತು ನೀನು," ಎಂದ ತಂತಿ.

ಪುಟ್ಟ ಹಲಗೆ ಕಿತ್ತುಕೊಂಡು ಬರೆದ: ಕೇಳಿಸಲಿಲ್ಲ ಅಂತ ನೀನು ಹೇಳಬಹುದಿತ್ತು.

ತಂತಿ ತಲೆಯಾಡಿಸಿದ. ಪುಟ್ಟ ಅದನ್ನು ಅಂಗೈಯಲ್ಲೇ ಒರೆಸಿ ಮತ್ತೆ ಬರೆದ. ಬಹಳ ಹೊತ್ತು ಬರೆದ. ಅಕ್ಕನಿಗೂ ಕಾಣಿಸಿತು: ನೀನು ಬರಲ್ಲ ಅಂದಾಗ ಒಳಗೊಳಗೇ ಹಗುರ ಆಯಿತು ಕಣೋ. ಅದಕ್ಕೇ ಎರಡನೇ ಸಲ ಕೇಳಲಿಲ್ಲ.

ಅದನ್ನು ಓದಿದ ತಂತಿ ಕಣ್ಣು ಮುಚ್ಚಿಕೊಂಡ. ಕಿವಿ ಇಲ್ಲದವನು ಕಣ್ಣು ಮುಚ್ಚಿದರೆ ಮುಗಿಯಿತು, ಅವನನ್ನು ತಲುಪುವ ದಾರಿಯೇ ಇಲ್ಲ. ಮೂವರೂ ಅವನು ಕಣ್ಣು ತೆರೆಯುವುದನ್ನೇ ಕಾದು ಕೂತರು. ತೆರೆದಾಗ ಅವನು ನೋಡಿದ್ದು ಅಕ್ಕನನ್ನು.

"ನಿನ್ನ ಕೈಲಿ ಭಾಷೆ ತಗೊಂಡು ತಪ್ಪು ಮಾಡಿದೆ ಅಕ್ಕಾ."

"ಕೊಟ್ಟು ನಾನೂ ತಪ್ಪು ಮಾಡಿದೆ," ಎಂದಳು. ಬರೆಯಲು ಕೈ ಬರಲಿಲ್ಲ. ಅವನಿಗೆ ತಿಳಿಯಿತೋ ಇಲ್ಲವೋ.

ಮುರಿದದ್ದು ಕೂಡಿಕೊಳ್ಳಲಿಲ್ಲ. ಕಂಪನಿ ಮತ್ತೆ ಏಳಲಿಲ್ಲ. ಕೆಲಸ ಕಳೆದುಕೊಂಡವರು ಎಲ್ಲೆಲ್ಲೋ ಚೆದುರಿ ಹೋಗಿದ್ದರು. ಬೀರುವಿನೊಳಗಿನ ಮಷಿನ್ನನ್ನು ಹೊರಗೆ ತೆಗೆಸಲು ಪುಟ್ಟ ಓಡಾಡಿದ. ಅದರ ಲೆಕ್ಕಾಚಾರ ಬರೆದವನು ಅವನೇ ಆದರೂ ಈಗ ಮುಟ್ಟುವ ಹಕ್ಕು ಅವನಿಗಿರಲಿಲ್ಲ. ಹೊಸ ಒಡೆಯರು ಸೌಜನ್ಯದಿಂದಲೇ ಇಲ್ಲ ಅಂದರು. ಮುಂದೆ ಅವನಿಗೂ ಅಷ್ಟೇ ಸೌಜನ್ಯದಿಂದ ಬಾಗಿಲು ತೋರಿಸಿದರು.

ಅಕ್ಕ ವಾರದಲ್ಲಿ ಮೂರು ಮಧ್ಯಾಹ್ನ ತಂತಿಯ ಮನೆಗೆ ಹೋಗಿ ತುಟಿ ಓದುವುದನ್ನು ಕಲಿಸತೊಡಗಿದಳು. ಅವನು ಕೆಟ್ಟ ಶಿಷ್ಯ. ಪ, ಬ, ಮ ಮೂರಕ್ಕೂ ತುಟಿ ಒಂದೇ ಸಮ ಕೂಡುತ್ತದೆ. ಮರವೋ ಬರವೋ ಗೊತ್ತಾಗುವುದಿಲ್ಲ. ಹಿಂದು ಮುಂದಿನ ಮಾತು ಹಿಡಿದು ಊಹಿಸಬೇಕು. ಊಹಿಸುವುದಕ್ಕೆ ತಾಳ್ಮೆ ಬೇಕು, ಅದು ತಂತಿಯ ಹತ್ತಿರ ಎಂದೂ ಇರಲಿಲ್ಲ. "ಇದೆಂಥ ದರಿದ್ರ ಭಾಷೆ ಮಾಡಿಟ್ಟಿದ್ದಾರೆ," ಎಂದು ರೇಗುವನು. "ನಿನಗೋಸ್ಕರ ಬೇರೆ ಮಾಡಿಸೋಣ, ಸದ್ಯಕ್ಕೆ ಇದನ್ನು ನೋಡು," ಅನ್ನುವಳು.

ಕೆಲಸ ಹೋದ ಮೇಲೆ ಪುಟ್ಟನೂ ಬಂದು ಕೂರತೊಡಗಿದ. ಅಭ್ಯಾಸಕ್ಕೆ ಇನ್ನೊಂದು ಬಾಯಿ ಬೇಕಲ್ಲ ಎಂಬ ನೆವ. ಹವಾಮಾನ, ತರಕಾರಿ, ಮೊಣಕಾಲು ನೋವು, ಇಷ್ಟರ ಆಚೆಗೆ ಅವರು ಹೋಗುತ್ತಿರಲಿಲ್ಲ. ಅವರ ನಡುವೆ ಜಗಳಕ್ಕೆ ಏನೂ ಉಳಿದಿರಲಿಲ್ಲ, ಸಲಿಗೆಯೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಪುಟ್ಟ ಮಾತಾಡುತ್ತಾ ಆಡುತ್ತಾ ಕಿಟಕಿಯ ಕಡೆ ತಿರುಗಿಬಿಟ್ಟ. ಬೆನ್ನು ಮಾಡಿಕೊಂಡೇ ತಗ್ಗಿದ ದನಿಯಲ್ಲಿ ಹೇಳಿದ. ಬೆಳಗಾದರೆ ಹೋಗಲು ಜಾಗವಿಲ್ಲ ಎಂದ. ಇಷ್ಟು ವರ್ಷ ಏನೇ ಹೊಸದು ಮಾಡಿದರೂ ಮೊದಲು ಇವನು ಏನಂತಾನೋ ಎಂದೇ ಅನ್ನಿಸುತ್ತಿತ್ತು, ಈಗ ಯಾರಿಗೆ ತೋರಿಸಲಿ ಎಂದ. ಅಕ್ಕನ ಮಷಿನ್ನು ಅದನ್ನೆಲ್ಲ ಚೊಕ್ಕವಾಗಿ ಎತ್ತಿ ಅವಳ ಕಿವಿಗೆ ಹಾಕಿತು.

ತಂತಿ ಅವನ ಬೆನ್ನನ್ನೂ ಅಕ್ಕನ ಮುಖವನ್ನೂ ನೋಡಿದ. "ಏನಂದ?"

ಅಕ್ಕ ಎದ್ದು ಹೋಗಿ, ತಮ್ಮನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ಇಲ್ಲಿ ನೋಡ್ಕೊಂಡು ಹೇಳೋ ಪುಟ್ಟಾ. ನಿಧಾನಕ್ಕೆ."

ಪುಟ್ಟ ಬಾಯಿ ತೆರೆದ. ಅದೆಲ್ಲ ಮತ್ತೊಮ್ಮೆ ಹೇಳಲು ಅವನಿಂದ ಆಗಲಿಲ್ಲ. ತುಟಿ ಅದುರಿ ಒಂದೆರಡು ಮಾತು ಬಂದವು, ಉಳಿದದ್ದು ಅಳುವಿನಲ್ಲಿ ಕಲಸಿಹೋಯಿತು. ತಂತಿ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಆ ತುಟಿಗಳನ್ನೇ ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ ತಲೆ ಅಲ್ಲಾಡಿಸಿದ.

"ಸಿಗ್ತಾ ಇಲ್ಲ ಕಣೋ," ಎಂದ. "ಇನ್ನೊಂದು ಸಲ ಹೇಳು."